ವೆಂಕಟರಮಣಪುರದ ಸ್ಥಾಪಕರು

ವೆಂಕಟರಮಣಪ್ಪ ಮೇಷ್ಟ್ರು ಹುತ್ತೂರಿನ ಬೀದಿಯಲ್ಲಿ ಒಂದೊಂದು ಹೆಜ್ಜೆಯನ್ನೂ ಮೊಣಕಾಲೆತ್ತರಕ್ಕೆ ಎತ್ತಿ, ಕ್ಷಣಕಾಲ ಗಾಳಿಯಲ್ಲಿ ನಿಲ್ಲಿಸಿ, ಗರುಡಗಂಬ ನೆಡುವಷ್ಟು ಗಾಂಭೀರ್ಯದಿಂದ ಊರುತ್ತಿದ್ದರು. ಮಂಗಳ ಗ್ರಹದಲ್ಲಿ ಮನುಷ್ಯನ ತೂಕ ಅರ್ಧಕ್ಕಿಂತ ಕಡಿಮೆಯಾಗುವುದರಿಂದ ಅಲ್ಲಿನ ನಡಿಗೆಯನ್ನು ಇಲ್ಲೇ ರೂಢಿಸಿಕೊಳ್ಳಬೇಕೆಂಬುದು ಅವರ ವಾದ. ಅಲ್ಲಿ ವಿಪರೀತ ಚಳಿಯಂತೆ. ಆದ್ದರಿಂದ ಏಪ್ರಿಲ್ ಬಿಸಿಲಿನಲ್ಲೂ ಕರಿಯ ಉಣ್ಣೆಕೋಟು. ಯಾರು ಏನೇ ದೂರಿಕೊಳ್ಳಲಿ, ಮಳೆಯಿಲ್ಲವೆನ್ನಲಿ, ಸಾರಿಗೆ ಉಪ್ಪಿಲ್ಲವೆನ್ನಲಿ, ಅವರದು ಒಂದೇ ಪ್ರಶ್ನೆ: “ಅಲ್ಲಿಗೆ ಹೋದ್ಮೇಲೆ ಏನ್ಮಾಡ್ತೀಯಪ್ಪ?”

ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ಅಮೆರಿಕದ ಯಂತ್ರವೊಂದು ಮಂಗಳದಲ್ಲಿ ಇಳಿದು ಕಳಿಸಿದ ಚಿತ್ರ ಪತ್ರಿಕೆಯಲ್ಲಿ ಬಂದಾಗ, ಮಾಧ್ಯಮಿಕ ಶಾಲೆಯ ಈ ವಿಜ್ಞಾನದ ಮೇಷ್ಟ್ರು ಅದನ್ನು ಟೀ ಅಂಗಡಿಯ ಗಂಗುಲಪ್ಪನ ಮುಂದೆ ಹರಡಿದರು.

“ಬರೀ ಕಲ್ಲು ಸ್ವಾಮಿ! ನಮ್ಮ ಹೊಲ ನೋಡೋಕೆ ಅಷ್ಟು ದೂರ ಹೋಗ್ಬೇಕಾ?” ಎಂದ ಅವನು.

ಮೇಷ್ಟ್ರು ಕುಗ್ಗಲಿಲ್ಲ. ಮುಚ್ಚಿದ ಮನೆಯೊಳಗೆ ಮನುಷ್ಯರು ಒಂದು ವಾರ ಬಾಳಬಲ್ಲರೆಂದು ತೋರಿಸಿಬಿಟ್ಟರೆ ಮಂಗಳವಾಸದ ಅರ್ಧ ಸಮಸ್ಯೆ ಮುಗಿದಂತೆ ಎಂದು ಲೆಕ್ಕ ಹಾಕಿದರು. ಅಂಥ ಮನೆ ಊರಲ್ಲಿ ಖಾಲಿಯಿದ್ದದ್ದು ಒಂದೇ, ನಮ್ಮದು.

ಅಣ್ಣ ಮುನಿಶಾಮಿಗೂ ನನಗೂ ಹೊಲ, ಹಸು ಎಲ್ಲ ಪಾಲಾಗಿ, ಅಪ್ಪ ಕಟ್ಟಿಸಿದ್ದ ರೇಷ್ಮೆಹುಳು ಸಾಕುವ ಮನೆಯೊಂದು ಇತ್ಯರ್ಥವಾಗದೆ ಉಳಿದಿತ್ತು. ಬಾಗಿಲಿಗೆ ಅವನದೊಂದು ಬೀಗ, ನನ್ನದೊಂದು. ಎರಡು ವರ್ಷದಿಂದ ಹುಳು ಮೇಯಿಸಿರಲಿಲ್ಲ, ಮಾತೂ ಆಡಿರಲಿಲ್ಲ. ಹಿಪ್ಪುನೇರಳೆ ಸೊಪ್ಪು ದನಗಳ ಪಾಲಾಗುತ್ತಿತ್ತು. “ನಾನು ಸಾಯೋದ್ರೊಳಗೆ ಆ ಬಾಗ್ಲು ತೆಗೀರೋ” ಎಂದು ಅಮ್ಮ ದೊಡ್ಡಮುನಿಯಮ್ಮ ಇಬ್ಬರ ಮನೆಗೂ ಅಲೆದು ಗೋಗರೆದು ಸೋತಿದ್ದಳು.

ಮೇಷ್ಟ್ರ ಜೊತೆ ನಾನೊಬ್ಬನೇ ಒಳಹೊಕ್ಕರೆ ಸ್ವಾಧೀನ ನನ್ನದಾದೀತೆಂದು ಅಣ್ಣನಿಗೆ ಭಯ. ಅವನೊಬ್ಬನೇ ಹೊಕ್ಕರೆ ಅದೇ ಭಯ ನನಗೆ. ಕೊನೆಗೆ ಇಬ್ಬರೂ ನಮ್ಮ ನಮ್ಮ ಬೀಗ ತೆಗೆದು ಮೇಷ್ಟ್ರ ಜೊತೆ ಒಳಹೊಕ್ಕೆವು. ಹೀಗೆ ಮಾನವಕುಲದ ಪ್ರಥಮ ಅನ್ಯಗ್ರಹ ಪ್ರಸ್ಥಾನವು ದಾಯಾದಿ ಕಲಹದ ಬಲದಿಂದ, ಕಿಟಕಿಗಳಿಗೆ ಸಗಣಿ ಮೆತ್ತಿದ ಗೋಣಿಚೀಲ ಹೊದಿಸಿಕೊಂಡು ಹೊರಟಿತು.

ಮಂಗಳದಲ್ಲಿ ಬೀಡಿಯಿಲ್ಲ, ಗಾಳಿ ಕೆಡುತ್ತದೆ. ಸ್ನಾನವಿಲ್ಲ, ನೀರು ತಲೆಗೆ ಎರಡು ಚೊಂಬು. ಮೂರು ಹೊತ್ತೂ ಬೆಲ್ಲದ ನೀರಲ್ಲಿ ಕಲಸಿದ ಹುರಿಹಿಟ್ಟು, ನಂಚಿಕೊಳ್ಳಲು ಮೇಷ್ಟ್ರ ಉಪನ್ಯಾಸ. ನಮ್ಮಿಬ್ಬರ ರಾಯಭಾರವೆಲ್ಲ ಅವರ ಮೂಲಕವೇ.

“ಮೇಷ್ಟ್ರೇ, ಕಾಲು ಮಡಚ್ಕೊಳ್ಳೋಕೆ ಹೇಳಿ ಅವನಿಗೆ.”

“ಗೊರಕೆ ನಿಲ್ಸೋಕೆ ಹೇಳಿ ಮೇಷ್ಟ್ರೇ ಅವನಿಗೆ, ಆಮೇಲೆ ಮಡಚ್ತೀನಿ.”

ಮೂರನೆಯ ದಿನ ಬೆಳಿಗ್ಗೆ ಮೇಷ್ಟ್ರು ಇದ್ದಿಲು ಹಿಡಿದು ಗೋಡೆಯ ಮುಂದೆ ನಿಂತರು. ವಸಾಹತಿಗೊಂದು ಹೆಸರು ಬೇಕಲ್ಲ! ಆಳೆತ್ತರದ ಅಕ್ಷರಗಳಲ್ಲಿ ‘ವೆಂಕಟರಮಣಪುರ’ ಎಂದು ಬರೆದು, ಹಿಂದೆ ಸರಿದು, ತಲೆದೂಗಿದರು.

ಅಣ್ಣ ಎದ್ದ. ನನ್ನ ಕಡೆ ನೇರವಾಗಿ ತಿರುಗಿದ.

“ಏನ್ಲಾ ಕದಿರೇಶ, ನೋಡ್ಕೊಂಡು ಕೂತಿದ್ದೀಯಾ? ಅಪ್ಪ ಕಲ್ಲು ಹೊತ್ತು ಕಟ್ಟಿದ ಮನೆಗೆ ಇವರ ಹೆಸರಂತೆ!”

“ನೀನು ಆ ಕಡೆ ತೋಳು ಹಿಡ್ಕೋ ಅಣ್ಣ.”

ಮೇಷ್ಟ್ರನ್ನು ಕೋಟಿನ ಸಮೇತ ಎತ್ತಿದೆವು. ಬಾಗಿಲು ಒದ್ದವನು ಅಣ್ಣನೋ ನಾನೋ, ಇಂದಿಗೂ ನಾವಿಬ್ಬರೂ ಆ ಕೀರ್ತಿ ಬಿಟ್ಟುಕೊಟ್ಟಿಲ್ಲ. ಹೊರಗೆ ಬಿಸಿಲಲ್ಲಿ ಕೂತಿದ್ದ ಅಮ್ಮ ಇಬ್ಬರು ಮಕ್ಕಳು ಒಂದೇ ಬಾಯಲ್ಲಿ ಬೈಯುವುದನ್ನು ಕೇಳಿ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಆ ಮಧ್ಯಾಹ್ನ ಒಂದೇ ಮಡಕೆಯ ಹುರುಳಿ ಸಾರಿಗೆ ಇಬ್ಬರೂ ಮುದ್ದೆ ಮುರಿದೆವು. ಮುಂದಿನ ಮಳೆಗಾಲದಲ್ಲಿ ಹುಳು ತಂದು, ಅಣ್ಣ ಸೊಪ್ಪು ಕೊಯ್ದರೆ ನಾನು ಹಾಸಿದೆ.

ರೇಷ್ಮೆಗೂಡು ಮಾರಿದ ದಿನ ಅಮ್ಮ ಕಟ್ಟಿಕೊಟ್ಟ ಹೋಳಿಗೆ ಹಿಡಿದು ಮೇಷ್ಟ್ರ ಮನೆಗೆ ಹೋದೆ. “ನಿಮ್ಮಿಂದ ನಮ್ಮನೆ ಉಳೀತು ಸ್ವಾಮಿ” ಎಂದೆ. ಅವರ ಮುಖ ಸಪ್ಪಗಾಯಿತು.

“ಎಲ್ಲಿ ಉಳೀತಪ್ಪ? ಇನ್ನೂ ನಾಲ್ಕು ದಿನ ಇತ್ತು. ಮೂರು ಜನ ಹೋದ್ರೆ ಇಬ್ಬರು ಸೇರ್ಕೊಂಡು ಒಬ್ಬನ್ನ ಆಚೆ ಹಾಕ್ತಾರೆ. ಇದಕ್ಕೆ ಅಲ್ಲಿಗೆ ಹೋದ್ಮೇಲೆ ಏನ್ಮಾಡ್ತೀಯ?”

ನಾನು ಗಂಟು ಬಿಚ್ಚಿ ಮುಂದಿಟ್ಟೆ. ಹೋಳಿಗೆಯನ್ನು ಮಾತ್ರ ಅವರು ಚೆನ್ನಾಗಿಯೇ ತಿಂದರು.

ಇಂಥವರು ಕೋಟಿಗಟ್ಟಲೆ ಮೈಲಿಯಾಚೆಗೆ ಹೊರಟವರು. ಹೋಗುವ ಭರದಲ್ಲಿ ಅವರ ಭುಜ ತಾಗಿ ಯಾರದೋ ಮನೆಯ ಬಾಗಿಲು ತೆರೆದುಕೊಳ್ಳುತ್ತದೆ, ತಾಗಿದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ಕೈಮುಗಿಯೋಣವೆಂದು ಹಿಂದೆ ಓಡಿದರೆ, ತಡವಾಯಿತು ದಾರಿ ಬಿಡಿ ಎನ್ನುತ್ತಾರೆ. ಅವರು ತಲುಪಬೇಕಾದ ಕಡೆ ತಲುಪುವುದಿಲ್ಲ. ನಾವು ಮಾತ್ರ ಅವರ ದೆಸೆಯಿಂದ ನಮ್ಮ ನಮ್ಮ ಮನೆ ಸೇರಿರುತ್ತೇವೆ.