ಒಂಬೈನೂರು ತಿಂಗಳು ಹಿಂದಕ್ಕೆ

ನಾನು, ನನ್ನ ಗೆಳತಿ ಅನ್ನಪೂರ್ಣಮ್ಮ ಹಿರಿಯೂರು ಬಸ್ ನಿಲ್ದಾಣದ ಎದುರಿನ ಮಹೇಕಳ ಜೆರಾಕ್ಸ್ ಅಂಗಡಿಗೆ ಹೋದಾಗ ಮೂರೂಕಾಲು ಗಂಟೆ. ನಾಲ್ಕಕ್ಕೆ ಆಕೆಗೆ ಶ್ರೀರಾಂಪುರದ ಬಸ್ಸು. ತಂಗಿಯ ಮೊಮ್ಮಗಳ ಮದುವೆಯಲ್ಲಿ ಸೋಬಾನೆ ಹೇಳಬೇಕು. ಹಿಂದಿನ ಮದುವೆಯೊಂದರಲ್ಲಿ ನಡು ಹಾಡಿನಲ್ಲಿ ಸಾಲು ಮರೆತು ನಿಂತಳು. ಯಾರೋ ತಟ್ಟನೆ ಡಿಜೆ ಹಾಕಿಬಿಟ್ಟರು. ಆ ಅಳುಕಿಗೆ ಐದು ಹಾಡುಗಳನ್ನು ನನ್ನಿಂದ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿಸಿದ್ದಳು. ಅವು ಒಂದು ಸಾಫ್ಟ್‌ವೇರ್ ಕಂಪನಿಯ ವೆಬ್‌ಸೈಟಿನಲ್ಲಿದ್ದವು. ಪ್ರಿಂಟ್ ತೆಗೆದರೆ ಮುಗಿಯಿತು.

ಮುಗಿಯಲಿಲ್ಲ. 'ನೀವು ನೀವೇ ಎಂದು ಖಚಿತಪಡಿಸಿ' ಎಂದು ವೆಬ್‌ಸೈಟು ನನ್ನ ಹುಟ್ಟಿದ ದಿನಾಂಕ ಕೇಳಿತು. ಟೈಪ್ ಮಾಡಲು ಬಿಡಲಿಲ್ಲ. ಈ ತಿಂಗಳ ಕ್ಯಾಲೆಂಡರ್ ತೋರಿಸಿತು. ಅದರ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಒಂದು ಬಾಣ. ಒಮ್ಮೆ ಒತ್ತಿದರೆ ಒಂದು ತಿಂಗಳು ಹಿಂದಕ್ಕೆ. ನಾನು ಹುಟ್ಟಿದ್ದು ಐವತ್ತೊಂದರಲ್ಲಿ.

"ಒಂಬೈನೂರು ಸಲ ಒತ್ಬೇಕು ಅಮ್ಮಾರೇ. ಇದು ಹತ್ತೇ ನಿಮಿಷ ಟೈಮ್ ಕೊಡ್ತೈತೆ, ಆಮೇಲೆ ಮತ್ತೆ ಮೊದ್ಲಿಂದ," ಎಂದಳು ಮಹೇಕ್.

'ಸಹಾಯ' ಎಂದಿದ್ದಲ್ಲಿ ಒತ್ತಿದೆವು. 'ಈ ಸಹಾಯ ಉಪಯುಕ್ತವಾಯಿತೇ?' ಎಂದಷ್ಟೇ ಕೇಳಿತು.

ಮಹೇಕ್ ತನ್ನ ಕುರ್ಚಿಯ ದಿಂಬನ್ನು ನನಗೆ ಕೊಟ್ಟು, ನಿಂತೇ ಒತ್ತತೊಡಗಿದಳು. ಆಧಾರ್ ಜೆರಾಕ್ಸಿಗೆ ಬಂದಿದ್ದ ನಿವೃತ್ತ ಬಸ್ ಕಂಡಕ್ಟರ್ ಇಮಾಮ್ ಸಾಬ್, ತಮ್ಮ ಕೆಲಸ ಬಿಟ್ಟು ಇಸವಿಗಳನ್ನು ಕೂಗುತ್ತ ನಿಂತರು.

"ತೊಂಬತ್ತಾರು... ತೊಂಬತ್ತೈದು... ಯಾರ್ರೀ ಇಳಿಯೋರು?"

"ಮುಂದಿನ ಸ್ಟಾಪು ನಂದು ಚಾಚಾ!" ಎಂದಳು ತೊಂಬತ್ನಾಲ್ಕರಲ್ಲಿ ಹುಟ್ಟಿದ ಮಹೇಕ್.

ಎಂಬತ್ತೆರಡು ಬಂತು. ಅದು ಇಮಾಮ್ ಸಾಬ್ ಕೆಲಸಕ್ಕೆ ಸೇರಿದ ವರ್ಷ. ಮೊದಲ ದಿನವೇ 'ರೈಟ್' ಎಂದು ಬಸ್ಸನ್ನು ಕಳಿಸಿ, ತಾವೇ ಹತ್ತದೆ ಹರಿಯಬ್ಬೆಯಲ್ಲಿ ಉಳಿದ ಕಥೆ ಹೇಳಿದರು. ನಾವು ನಕ್ಕು ಮುಗಿಸುವಷ್ಟರಲ್ಲಿ ಸಮಯ ಮುಗಿದು, ಕ್ಯಾಲೆಂಡರ್ ಈ ತಿಂಗಳಿಗೇ ಮರಳಿತ್ತು.

"ಈ ಸಲ ಯಾರೂ ಕಥೆ ಹೇಳಂಗಿಲ್ಲ," ಎಂದು ಮಹೇಕ್ ಬೆರಳು ನೀವಿಕೊಂಡಳು.

"ಬೆರಳು ನೋಯ್ತೈತೇನವ್ವ? ತಡಿ, ಬೀಸೋ ಕಲ್ಲಿಗೆ ಹೇಳ್ದಂಗೆ ಹಾಡು ಹೇಳ್ತೀನಿ," ಎಂದಳು ಅನ್ನಪೂರ್ಣಮ್ಮ.

ಹಾಡಿನ ಲಯಕ್ಕೆ ಬೆರಳು ತಾನಾಗಿ ಓಡಿತು. ಇಮಾಮ್ ಸಾಬ್ ಇಸವಿ ಮರೆತು ಮೇಜಿನ ಮೇಲೆ ತಾಳ ಹಾಕಿದರು. ಒಂದಾದ ಮೇಲೆ ಒಂದು ಹಾಡು. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಕಣ್ಣು ತೆರೆದರೆ ಮೂವತ್ತೆಂಟನೇ ಇಸವಿ.

"ಹೋಲ್ಡಾನ್! ಹೋಲ್ಡಾನ್!" ಎಂದು ಇಮಾಮ್ ಸಾಬ್ ಕೂಗಿದರು. "ಅಕ್ಕಾರ ಸ್ಟಾಪು ದಾಟಿ ಹದಿಮೂರು ವರ್ಷ ಆತು!"

ಮುಂದಕ್ಕೆ ಒತ್ತುವುದರೊಳಗೆ 'ನಿಮ್ಮ ಸಮಯ ಮುಗಿದಿದೆ' ಎಂದು ಬಂತು. ನಾಲ್ಕಕ್ಕೆ ಹತ್ತೇ ನಿಮಿಷವಿತ್ತು. ನನಗೆ ಅಳುವೇ ಬಂದಂತಾಯಿತು. ಅನ್ನಪೂರ್ಣಮ್ಮ ಮಾತ್ರ ಬೆರಳು ಮಡಚಿ ಏನೋ ಎಣಿಸುತ್ತಿದ್ದಳು.

"ಉಷಾ, ಐದೂ ಹೇಳ್ದೆ ಅಲ್ವೇನೇ?"

"ಹೇಳ್ದೆ."

"ಎಲ್ಲಾದ್ರೂ ನಿಂತ್ನಾ?"

"ಎಲ್ಲೂ ನಿಲ್ಲಲಿಲ್ಲ ಕಣೇ."

"ಮತ್ತೆ ಕಾಗದ ಯಾಕೆ? ಏಳು, ಬಸ್ಸಿಗೆ ಹೋಗಾಣ."

ಇಮಾಮ್ ಸಾಬ್ ಆಕೆಯ ಚೀಲ ಹಿಡಿದು ಮುಂದೆ ಓಡಿ, ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಕಿದರು. ಬಸ್ಸು ಹೊರಟಾಗ ಆಕೆ ಪಕ್ಕದ ಹೆಂಗಸಿಗೆ ಹಾಡು ಶುರು ಮಾಡಿಯಾಗಿತ್ತು.

ಗಡಿಬಿಡಿಯಲ್ಲಿ ನನ್ನ ಕಂಕುಳಲ್ಲೇ ಬಂದಿದ್ದ ದಿಂಬು ಹಿಂತಿರುಗಿಸಲು ಅಂಗಡಿಗೆ ಬಂದೆ. ಮಹೇಕ್ ಇನ್ನೂ ಒತ್ತುತ್ತಿದ್ದಳು.

"ಕುಂತ್ಕಳ್ರಿ ಅಮ್ಮಾರೇ," ಎಂದಳು, ತಲೆ ಎತ್ತದೆ. "ಅರವತ್ತೆರಡಕ್ಕೆ ಬಂದೀನಿ. ನಿಮ್ಮನ್ನ ಇವತ್ತು ಹುಟ್ಟಿಸ್ದೆ ಬಿಡಲ್ಲ."