ಯಾರು ಯಾರನ್ನು ನೋಡುತ್ತಿದ್ದಾರೆ

“ಅವರಲ್ಲಿ ಯಾರು ಯಾರ ಜೊತೆ ಮಾತಾಡ್ತಿದಾರೆ?” ಎಂದು ಮುದುಕಿ ಕೇಳಿದಾಗ ಗೈಡ್ ಮುಂದಿನ ಕೋಣೆಯತ್ತ ಎತ್ತಿದ್ದ ಹೆಜ್ಜೆಯನ್ನು ಹಿಂದಕ್ಕಿಟ್ಟ.

ಹದಿನೆಂಟು ವರ್ಷಗಳಿಂದ ಚಿತ್ರಶಾಲೆಯ ಈ ಗೋಡೆಯೆದುರು ನಿಂತು ಅವನು ಒಂದೇ ಪಾಠ ಒಪ್ಪಿಸುತ್ತಿದ್ದ: ಬಿಸಿಲು ಬಿದ್ದ ತೋಟ, ಮರದಡಿ ಮೇಜು, ಸುತ್ತ ಏಳು ಮಂದಿ ಗೆಳೆಯರು, ಗೆರೆಯ ಹಂಗಿಲ್ಲದೆ ಬರೀ ಬಣ್ಣದ ತುಣುಕುಗಳಲ್ಲಿ ಹಿಡಿದ ಬೆಳಕು. ಕೇಳಿದವರು ತಲೆದೂಗಿ ಮುಂದಿನ ಕೋಣೆಗೆ ಹೋಗುತ್ತಿದ್ದರು. ಈಕೆಗೆ ಕಣ್ಣು ಕಾಣುತ್ತಿರಲಿಲ್ಲ. ನಿವೃತ್ತ ಲೆಕ್ಕದ ಟೀಚರು. ಹೇಳಿದ್ದಕ್ಕೆಲ್ಲ ಹೂಂಗುಟ್ಟುವ ಪೈಕಿಯಲ್ಲ.

ಅವನು ಚಿತ್ರದ ಕಡೆ ತಿರುಗಿದ. ಟೋಪಿಯವನು ಮರವನ್ನು ನೋಡುತ್ತಿದ್ದ. ನೀಲಿ ಉಡುಪಿನವಳು ತನ್ನ ಬೆರಳುಗಳನ್ನು. ಇನ್ನೊಬ್ಬನದಂತೂ ಬರೀ ಬೆನ್ನು.

“ಯಾರೂ ಮಾತಾಡ್ತಿಲ್ಲಮ್ಮ.”

“ನಗೋರು?”

“ಬಾಯಿ ಸರಿಯಾಗಿ ಬರೆದಿಲ್ಲ. ಒಂದೊಂದು ಕೆಂಪು ಚುಕ್ಕೆ, ಅಷ್ಟೆ.”

“ಒಬ್ಬರನ್ನೊಬ್ಬರು ನೋಡ್ತಾನಾದ್ರೂ ಇದಾರಾ?”

“ಇಲ್ಲ.”

“ಮತ್ತೆ ಸ್ನೇಹಿತರು ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಕೆಳಗಡೆ ಹಾಗಂತ ಬರೆದಿದೆ.”

ಮುದುಕಿ ನಕ್ಕಳು. ಅವನೂ ನಗಲು ಹೋದ, ಆಗಲಿಲ್ಲ. ಬೆಳಿಗ್ಗೆ ತಿಂಡಿ ತಿನ್ನುವಾಗ ಹೆಂಡತಿ ಏನೋ ಕೇಳಿದ್ದಳು. ಇವನು ಹೂಂ ಅಂದಿದ್ದ. ಕೇಳಿದ್ದು ಏನೆಂಬುದು ಹಾಗಿರಲಿ, ಅವಳು ಯಾವ ಬಣ್ಣ ಉಟ್ಟಿದ್ದಳೆಂದು ನೆನೆಯಹೋದರೆ ಆ ನೀಲಿ ಉಡುಪೇ ಕಣ್ಣಿಗೆ ಬರುತ್ತಿತ್ತು.

ಚಿತ್ರಶಾಲೆ ಮುಚ್ಚುವ ಗಂಟೆ ಹೊಡೆಯಿತು.

“ನನ್ನ ಗೆಳತಿಯರು ಹಿಂದಿನ ತೋಟದಲ್ಲಿ ಕೂತಿರ್ತೀವಿ ಅಂದ್ರು,” ಎಂದಳು ಮುದುಕಿ. “ಮೂರು ಜನ. ಮೂವತ್ತು ವರ್ಷ ಒಂದೇ ಸ್ಕೂಲಲ್ಲಿ ಇದ್ದೋರು. ನಿಂತು ನಿಂತು ಕಾಲು ನೋವು ಅಂತ ಆಗಲೇ ಹೋದ್ರು. ಆ ಕಿಟಕಿಯಿಂದ ಕಾಣ್ತಾರಾ, ನೋಡಿ.”

ಅವನು ಕಿಟಕಿಗೆ ಹೋದ. ಕೆಳಗೆ ಬಿಸಿಲು ಚೆನ್ನಾಗಿತ್ತು. ಮಾಲಿ ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಗೇಟಿನ ತನಕ ಒಂದು ನರಪಿಳ್ಳೆಯೂ ಇರಲಿಲ್ಲ.

“ಇದಾರಾ?”

“ಇದಾರೆ.”

“ಏನ್ ಮಾಡ್ತಿದಾರೆ?”

ಗೈಡ್ ಗಂಟಲು ಸರಿಮಾಡಿಕೊಂಡ. “ಎಡಗಡೆ ಇರೋರು ನಗ್ತಿದಾರೆ. ಅವರ ಕೆನ್ನೆ ಮೇಲೆ ಎಲೆಗಳ ನೆರಳು ಬಿದ್ದಿದೆ. ಪಕ್ಕದವರು ಅವರನ್ನೇ ನೋಡ್ತಿದಾರೆ...” ಹದಿನೆಂಟು ವರ್ಷ ಪಳಗಿದ ದನಿ, ಎಲ್ಲೂ ಎಡವಲಿಲ್ಲ.

ಮುದುಕಿ ಒಂದೊಂದೇ ಬೆರಳು ಮಡಚುತ್ತ ಕೇಳಿದಳು. ಮೂರು ಮಡಚಿ ಕೈ ನಿಲ್ಲಿಸಿದಳು.

ಅವನು ನಾಲ್ಕನೆಯವರ ಟೋಪಿಗೆ ಬಣ್ಣ ಹುಡುಕುತ್ತಿದ್ದ.