ನಲವತ್ತಮೂರು ಅಂಗಿ

ಅತ್ತಿಗೆಯ ಬೆರಳ ಸಂದಿಗಳಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. ದಿನಕ್ಕೆ ಒಂಬತ್ತು ಗಂಟೆ ಬಟ್ಟೆ ಒಗೆಯುವ ಸೋಡಾ ನೀರಿನಲ್ಲಿ ಕೈ ಅದ್ದಿದರೆ ಯಾರ ಚರ್ಮ ತಾನೇ ಉಳಿದೀತು? "ಈ ಕೈ ಊರ ಕೊಳೆಗೇ ಹುಟ್ಟಿದ್ದು ಕಣೇ" ಎಂದು ಅವಳು ನಗುತ್ತಿದ್ದಳು. ನನಗೆ ಮಾತ್ರ ಮೈ ಉರಿಯುತ್ತಿತ್ತು.

ನಮ್ಮ ಬಡಾವಣೆಯ ಮುಖ್ಯರಸ್ತೆಯಲ್ಲಿ ಒಂದು ಲಾಂಡ್ರಿ ಇದೆ. 'ಎಲ್ಲ ಬಟ್ಟೆಗಳನ್ನೂ ಯಂತ್ರದಲ್ಲೇ ಒಗೆಯಲಾಗುವುದು' ಎಂದು ಗಾಜಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ಶುದ್ಧ ಸುಳ್ಳು. ಯಂತ್ರ ಕೆಟ್ಟು ಎರಡು ವರ್ಷವಾಯಿತು. ಈಗ ಅವರ ಯಂತ್ರ ನನ್ನ ಅತ್ತಿಗೆ. ಲಾಂಡ್ರಿ ಯಜಮಾನ ಗಂಟುಗಳನ್ನು ವ್ಯಾನಿನಲ್ಲಿ ತಂದು ನಮ್ಮ ಹಿತ್ತಲ ಬಾಗಿಲಲ್ಲಿ ಇಳಿಸುತ್ತಿದ್ದ.

"ಹೊರಗಿನೋರು ಮುಟ್ಟಿದ ಬಟ್ಟೆ ಅಂತ ಗೊತ್ತಾದ್ರೆ ಯಾರೂ ಮೈಮೇಲೆ ಹಾಕ್ಕೊಳಲ್ಲಮ್ಮ. ಬಾಯಿ ಬಿಟ್ಟೆಯೋ, ಅವತ್ತೇ ಕೆಲಸ ಹೋಯ್ತು ಅಂತ ತಿಳ್ಕೋ" ಎಂದು ಮೊದಲ ದಿನವೇ ಹೇಳಿದ್ದ.

ಹೊರಗಿನವರಂತೆ! ಆರು ವರ್ಷವಾಯಿತು ನಾವು ಬಂದು. ನನ್ನ ಅಣ್ಣ ಗಾರೆ ಕೆಲಸದವನು. ಈ ಬಡಾವಣೆಯ ಅರ್ಧಕ್ಕರ್ಧ ಗೋಡೆಗಳನ್ನು ಎಬ್ಬಿಸಿದ್ದು ಅವನ ಬಲಗೈ. ನಾವು ಬಂದಾಗ ನಮ್ಮ ಕಡೆಯವರ ಮನೆ ಇದ್ದದ್ದು ಎರಡು. ಈಗ ಹದಿನೇಳು. ಆ ಹದಿನೇಳೇ ಇವರ ಕಣ್ಣು ಕುಕ್ಕುತ್ತಿತ್ತು. ಅಂಗಡಿಯಲ್ಲಿ ನಾವು ಬಾಯಿ ತೆರೆದರೆ ಹಿಂದೆ ನಿಂತವರು ಅಣಕಿಸುತ್ತಿದ್ದರು. 'ನಮ್ಮ ಬಡಾವಣೆ ಕೈತಪ್ಪುತ್ತಿದೆ, ಎಚ್ಚರ!' ಎಂದು ಕಂಬಕಂಬಕ್ಕೂ ಚೀಟಿ ಅಂಟಿಸಿದರು.

"ನಾನು ಬೆಳಗ್ಗೆ ಐದಕ್ಕೇ ಎಚ್ಚರ ಆಗಿರ್ತೀನಪ್ಪ" ಎಂದು ಅಣ್ಣ ತಮಾಷೆ ಮಾಡಿದ. ಪಾಪ, ಅವನಿಗೇನು ಗೊತ್ತು.

ನಮ್ಮ ಹಿತ್ತಲಿಗೆ ಬೆನ್ನು ತಾಗಿಸಿಕೊಂಡ ಮೂರಂತಸ್ತಿನ ಮನೆ ಬಡಾವಣೆ ಸಂಘದ ಕಾರ್ಯದರ್ಶಿಯದು. ಅವನ ತಾರಸಿಯಿಂದ ನಮ್ಮ ಹಗ್ಗಗಳೆಲ್ಲ ಕಾಣುತ್ತವೆ. ಒಂದು ಶನಿವಾರ ಅವನು ಹಗ್ಗದ ಮೇಲಿನ ಅಂಗಿಗಳನ್ನು ಎಣಿಸಿದ. ನಲವತ್ತಮೂರು. ಬಿಸಿಲಿಗೆ ಬಣ್ಣ ಮಾಸಬಾರದೆಂದು ಅತ್ತಿಗೆ ಅಂಗಿಗಳನ್ನೆಲ್ಲ ತಿರುವುಮುರುವು ಮಾಡಿ ಒಣಗಿಸುತ್ತಿದ್ದಳು. ಹಾಗಾಗಿ ಅದರಲ್ಲಿ ತನ್ನದೇ ಅಂಗಿ ಮೂರಿದ್ದರೂ ಆ ಮಹಾನುಭಾವನಿಗೆ ಗುರುತು ಹತ್ತಲಿಲ್ಲ.

ಭಾನುವಾರ ಮಧ್ಯಾಹ್ನ ಹನ್ನೊಂದು ಜನ ಬಂದರು. ಕೈಯಲ್ಲಿ ದೊಣ್ಣೆ, ಕಬ್ಬಿಣದ ರಾಡು.

"ಎಲ್ಲಿ ಬಚ್ಚಿಟ್ಟಿದ್ದೀರೋ ನಲವತ್ತು ಜನಾನ?"

"ನಾವಿರೋದು ಮೂರೇ ಜನ ಸಾರ್" ಎಂದ ಅಣ್ಣ.

"ಮೂರು ಜನಕ್ಕೆ ನಲವತ್ತಮೂರು ಅಂಗೀನಾ? ಯಾರ ಕಿವಿಗೆ ಹೂವು ಇಡ್ತೀಯ?"

ಮಂಚ ಮಗುಚಿದರು. ಬೀರು ಒಡೆದರು. ನೀರಿನ ಡ್ರಮ್ಮಿನೊಳಗೂ ಇಣುಕಿದರು, ಅದರೊಳಗೆ ಹತ್ತು ಜನ ಕೂತಿರುತ್ತಾರೇನೋ ಎಂಬಂತೆ. ಯಾರೂ ಸಿಗಲಿಲ್ಲ. ಸಿಗದಿದ್ದುದಕ್ಕೇ ಅವರ ಸಿಟ್ಟು ನೆತ್ತಿಗೇರಿತು. ಅಣ್ಣನನ್ನು ಕೂದಲು ಹಿಡಿದು ಹಿತ್ತಲಿಗೆ ಎಳೆದರು. ಮೊದಲ ಏಟಿಗೇ ಅವನ ತಲೆ ಒಡೆಯಿತು. ನನ್ನನ್ನು ಇಬ್ಬರು ಗೋಡೆಗೆ ಒತ್ತಿ ಹಿಡಿದಿದ್ದರು.

"ಅಯ್ಯೋ, ಅವೆಲ್ಲ ನಿಮ್ಮವೇ ಅಂಗಿ ಕಣ್ರಪ್ಪಾ! ನಾನು ಒಗೆಯೋದು!" ಎಂದು ಅತ್ತಿಗೆ ಅರಚಿದಳು. ಗುಂಪಿನ ಹಿಂದೆ ಲಾಂಡ್ರಿ ಯಜಮಾನ ನಿಂತಿದ್ದು ಅವಳ ಕಣ್ಣಿಗೆ ಬಿತ್ತು. "ಯಜಮಾನ್ರೇ, ನೀವಾದ್ರೂ ಹೇಳ್ರೀ! ನಿಮ್ಮ ಕಾಲಿಗೆ ಬೀಳ್ತೀನಿ, ಹೇಳ್ರೀ!"

ಎಲ್ಲರೂ ಅವನ ಕಡೆ ತಿರುಗಿದರು. ಅವನು ತನ್ನ ಬೂಟು ನೋಡಿಕೊಂಡ.

"ಈ ಹೆಂಗಸು ಯಾರೋ ನನಗೆ ಗೊತ್ತಿಲ್ಲ" ಎಂದ.

ಕಾರ್ಯದರ್ಶಿ ಅಣ್ಣನ ಬಲಗೈಯನ್ನು ಒಗೆಯುವ ಕಲ್ಲಿನ ಮೇಲೆ ಚಾಚಿ ಹಿಡಿಸಿದ. ರಾಡು ಎತ್ತಿದ. ಒಂದಲ್ಲ, ಎರಡಲ್ಲ, ಐದು ಏಟು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ರಕ್ತ ಅವರ ಎದೆಗೆಲ್ಲ ಸಿಡಿಯಿತು.

ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ಕೆಳಗೆ ಕತ್ತರಿಸಿ ತೆಗೆದರು. ಎಚ್ಚರವಾದಾಗ ಅಣ್ಣ ಕೇಳಿದ್ದು, "ಇನ್ನು ಗಾರೆ ಕರಣೆ ಹೇಗೆ ಹಿಡೀಲೇ?" ಎಂದು. ನಾನು ಹೊರಗೆ ಓಡಿಹೋಗಿ ಗೋಡೆಗೆ ತಲೆ ಚಚ್ಚಿಕೊಂಡು ಅತ್ತೆ.

ಪೊಲೀಸಿನವನು 'ಅಪರಿಚಿತರ ಗುಂಪು' ಎಂದು ಬರೆದುಕೊಂಡ. "ಹೆಸರು ಹೇಳಮ್ಮ, ಹೆಸರಿಲ್ದೆ ನಾನೇನು ಮಾಡ್ಲಿ? ನೀನು ಹೇಳೋ ಕಾರ್ಯದರ್ಶಿ ಅವತ್ತು ಊರಲ್ಲೇ ಇರ್ಲಿಲ್ವಂತೆ."

ಮಂಗಳವಾರ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ಲಾಂಡ್ರಿ ಯಜಮಾನ! ಕೈಯಲ್ಲಿ ಗಂಟು. ಅವನ ಮುಖಕ್ಕೆ ಉಗಿಯಬೇಕೆಂದು ನಾನು ಎದ್ದೆ.

"ಆಗಿದ್ದು ಆಗೋಯ್ತಮ್ಮ. ನನ್ನ ಪರಿಸ್ಥಿತೀನೂ ಅರ್ಥ ಮಾಡ್ಕೋ" ಎಂದ. ದನಿ ತಗ್ಗಿಸಿ ಕೇಳಿದ: "ಐದು ಅಂಗಿ ಇದೆ. ಸ್ವಲ್ಪ ಕಲೆ. ತಣ್ಣೀರಲ್ಲಿ ನೆನೆಸಿದ್ರೆ ಹೋಗುತ್ತಲ್ವಾ?"

ಅತ್ತಿಗೆ ಗಂಟು ಬಿಚ್ಚಿದಳು. ಬಿಳಿ ಅಂಗಿಗಳ ಎದೆ, ತೋಳುಗಳ ಮೇಲೆ ಕಂದಾಗಿ ಒಣಗಿದ ರಕ್ತ. ಕತ್ತುಪಟ್ಟಿಯೊಳಗೆ, ಬಟ್ಟೆ ಅದಲುಬದಲಾಗದಿರಲೆಂದು ಅವಳೇ ಕಪ್ಪು ಶಾಯಿಯಲ್ಲಿ ಹಿಂದೊಮ್ಮೆ ಬರೆದ ಮನೆ ನಂಬರುಗಳು.

"ಇಟ್ಟು ಹೋಗಿ" ಎಂದಳು.

"ಅತ್ತಿಗೇ! ಅಣ್ಣನ ರಕ್ತ ತೊಳೆದು ಅವರಿಗೇ ಕೊಡ್ತೀಯಾ? ನಾಚಿಕೆ ಆಗಲ್ವಾ ನಿಂಗೆ?"

"ಬಾಯಿ ಮುಚ್ಕೊಂಡು ಹಗ್ಗ ಬಿಚ್ಚೇ" ಎಂದಳು.

ಆ ಹಗ್ಗವನ್ನು ಮನೆ ಮುಂದೆ, ಬೀದಿ ಕಂಬದಿಂದ ಗೇಟಿಗೆ ಎಳೆದು ಕಟ್ಟಿದೆವು. ಐದೂ ಅಂಗಿ ನೇತುಹಾಕಿದಳು. ಈ ಸಲ ತಿರುವುಮುರುವು ಮಾಡಲಿಲ್ಲ. ಕತ್ತುಪಟ್ಟಿ ಮಾತ್ರ ಮಡಚಿ ನಂಬರು ಕಾಣುವಂತೆ ಪಿನ್ನು ಸಿಕ್ಕಿಸಿದಳು. ನಮ್ಮ ಕಡೆಯ ಮನೆಗಳಿಂದ ಹೆಂಗಸರು ಒಬ್ಬೊಬ್ಬರಾಗಿ ಬಂದು ಹಗ್ಗದ ಎರಡೂ ಕಡೆ ನಿಂತರು. ಯಾರನ್ನೂ ಕರೆದಿರಲಿಲ್ಲ. ದಾರಿಯಲ್ಲಿ ಹೋಗುವವರು ನಂಬರು ಓದಿ, ಆ ಮನೆಗಳ ಕಡೆ ನೋಡತೊಡಗಿದರು.

ಅರ್ಧ ಗಂಟೆಯಲ್ಲಿ ಅದೇ ಪೊಲೀಸಿನವನು ಬಂದ. ಅಣ್ಣ ರಕ್ತ ಸುರಿಸುತ್ತಾ ಬಿದ್ದಿದ್ದಾಗ ಬರಲು ಅವನಿಗೆ ಮೂರು ಗಂಟೆ ಹಿಡಿದಿತ್ತು.

"ಬೀದಿ ಅಸಹ್ಯ ಮಾಡ್ತಿದ್ದೀರಂತೆ. ದೂರು ಬಂದಿದೆ, ತೆಗೀರಿ."

"ಹೆಸರು ಕೇಳಿದ್ರಲ್ಲ ಸಾರ್. ಓದ್ಕೊಳ್ಳಿ" ಎಂದಳು ಅತ್ತಿಗೆ.

"ನಂಬರು ನೀನೇ ಬರೆದಿದ್ದು. ಯಾವನ ಅಂಗಿಗೆ ಏನು ಬೇಕಾದ್ರೂ ಬರೀಬಹುದು. ಇದು ಸಾಕ್ಷಿ ಆಗಲ್ಲ."

ಅಷ್ಟರಲ್ಲಿ ಕಾರ್ಯದರ್ಶಿ ಮೂಲೆ ತಿರುಗಿ ದಾಪುಗಾಲು ಹಾಕುತ್ತ ಬಂದ. ಕೈಯಲ್ಲಿ ಅದೇ ರಾಡು. ಅಡ್ಡ ನಿಂತ ಮುದುಕಿಯೊಬ್ಬಳನ್ನು ಎದೆಗೆ ಕೈಕೊಟ್ಟು ನೂಕಿ ಬೀಳಿಸಿದ. ಮೊದಲನೇ ಅಂಗಿಗೆ ಕೈಹಾಕಿದ. ಅತ್ತಿಗೆ ಅದರ ತೋಳು ಹಿಡಿದುಕೊಂಡಳು. ಅವಳ ಇನ್ನೊಂದು ಕೈಯಲ್ಲಿ ಬಟ್ಟೆ ಬಡಿಯುವ ಕೋಲಿತ್ತು.

"ಬಿಡೇ!"

"ಯಾಕೆ ಬಿಡ್ಲಿ? ಯಾರದ್ದಿದು?"

"ನನ್ನ ಅಂಗಿ ಕಣೇ ಅದು! ನನ್ನದು! ಕೊಡೇ ಇಲ್ಲಿ!"

ಅವನು ರಾಡು ಎತ್ತಿದ. ಅತ್ತಿಗೆಯ ಕೋಲು ಅವನ ಮಣಿಕಟ್ಟಿಗೆ ಬಡಿಯಿತು, ರಾಡು ಟಣ್ಣೆಂದು ಬೀದಿಯ ಕಲ್ಲಿನ ಮೇಲೆ ಬಿತ್ತು. ಅವನು ಕೈ ಹಿಡಿದುಕೊಂಡು ಕುಸಿದು ಕೂತ. ನಾನು ಆ ರಾಡನ್ನು ಕಾಲಡಿ ಹಾಕಿಕೊಂಡು ನಿಂತೆ.

"ಕೇಳಿಸ್ತಾ ಸಾರ್? ಅವರದ್ದಂತೆ. ಬರ್ಕೊಳ್ಳಿ" ಎಂದಳು ಅತ್ತಿಗೆ.

ಪೊಲೀಸಿನವನ ಪೆನ್ನು ಜೇಬಲ್ಲೇ ಇತ್ತು. ಆದರೆ ಬೀದಿಯಲ್ಲಿ ನೂರು ಜನ ಅವನ ಜೇಬನ್ನೇ ನೋಡುತ್ತಿದ್ದರು.

ಅತ್ತಿಗೆ ಮುಚ್ಚಿದ ಬಾಗಿಲುಗಳ ಕಡೆ ತಿರುಗಿ ಕೂಗಿದಳು:

"ಇನ್ನೂ ನಾಲ್ಕಿವೆ! ಯಾರದ್ರಪ್ಪಾ? ಬಂದು ತಗೊಂಡು ಹೋಗಿ!"